ಮುಲ್ಕಿಯಾ

ಸಲಾಲಾದಲ್ಲಿ ಬಖೀತ್ ಮುದುಕನ ಗೇಟಿನ ಹೊರಗೆ
ಹದಿನೆಂಟು ವರ್ಷದ ಬಿಳಿ ಸನ್ನಿ,
ಮೈತುಂಬ ಖರೀಫಿನ ಜಿನುಗು ಹೊತ್ತು ನಿಂತಿತ್ತು.
ಹಿಂದಿನ ಗಾಜಿನ ಮೇಲೆ ಮಕ್ಕಳು ಯಾರೋ
ಬೆರಳಲ್ಲಿ ಬರೆದ ಒಂಟೆ, ಅರ್ಧ ಕರಗಿತ್ತು.

ಲಿಗೋರಿ ಬಾನೆಟ್ ಎತ್ತಿದ. ಬಗ್ಗಿ ಮೂಸಿದ.
ಆಯಿಲಿನ ಕಡ್ಡಿ ಎಳೆದು ತನ್ನದೇ ಪ್ಯಾಂಟಿಗೆ ಒರೆಸಿ
ಹೆಣ್ಣು ನೋಡಲು ಬಂದ ಸೋದರಮಾವನ ಹಾಗೆ
ಒಂದೂ ಮಾತಾಡದೆ ಮುಖ ಗಂಟು ಹಾಕಿದ.
ಹಿಡಿಸಿದೆ ಅಂತ ನನಗೆ ಗೊತ್ತಾಯಿತು.

ಏಳುನೂರು, ಎಂದ ಬಖೀತ್.
ಐನೂರು, ಎಂದ ಲಿಗೋರಿ.
ನಡುವೆ ಮೂರು ಸುತ್ತು ಕಹ್ವಾ, ಒಂದು ತಟ್ಟೆ ಖರ್ಜೂರ.
ಮೊಮ್ಮಗಳೊಬ್ಬಳು ಬಂದು ನನ್ನ ಹಣೆಯ ಬೊಟ್ಟು
ಮುಟ್ಟಿ ನೋಡಿ ಓಡಿಹೋದಳು.
ಆರುನೂರಿಪ್ಪತ್ತಕ್ಕೆ ಮುದುಕ ಎದ್ದ,
ಚೌಕಾಸಿ ಮಾಡಿದವನನ್ನು ದಾಟಿ ಬಂದು
ಕೀಲಿ ನನ್ನ ಅಂಗೈಯಲ್ಲಿಟ್ಟ.

ಇಲ್ಲಿ ಗಾಡಿಯ ಕಾಗದಕ್ಕೆ ಮುಲ್ಕಿಯಾ ಅನ್ನುತ್ತಾರೆ.
ನಾನು ಮುಲ್ಕಿಯವಳು.
ಪೊಲೀಸ್ ಕಚೇರಿಯ ಕೌಂಟರಿನಿಂದ ಹುಡುಗ
‘ಮುಲ್ಕಿಯಾ!’ ಎಂದು ಕೂಗಿದಾಗ
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ
ಯಾರೋ ಊರ ಹೆಸರು ಹಿಡಿದು ಕರೆದಂತಾಗಿ
ಎದ್ದು ನಿಂತುಬಿಟ್ಟೆ.
ಸರದಿ ಬೇರೆಯವರದ್ದಾಗಿತ್ತು.

ಸೀಟು ಸರಿಸಬೇಕಾಗಲಿಲ್ಲ.
ಕನ್ನಡಿ ತಿರುಗಿಸಬೇಕಾಗಲಿಲ್ಲ.
ನಾಲ್ಕಡಿ ಹನ್ನೊಂದಿಂಚಿಗೆಂದೇ ಯಾರೋ ಅಳೆದಿಟ್ಟ ಹಾಗೆ
ಪೆಡಲು ಪಾದಕ್ಕೆ ತಾನಾಗಿ ಸಿಕ್ಕಿತು.
ಬಖೀತನೋ, ಸ್ವಂತ ಮನೆಯ ಬಾಗಿಲಿಗೂ
ತಲೆ ಬಗ್ಗಿಸುವ ಆಳು.
ನಾನು ಕೇಳಲಿಲ್ಲ.
ಕಿಟಕಿಯಿಂದ ಒಂದು ಪೊಟ್ಟಣ ಲೋಬಾನ ಒಳಗೆ ಹಾಕಿ
‘ಶ್ವಯ್ ಶ್ವಯ್’ ಎಂದ,
ನನಗೋ ಗಾಡಿಗೋ.

ಗುಡ್ಡ ಹತ್ತುವ ತನಕ ಮಂಜು, ಹಸಿರು, ಒದ್ದೆ ದನಗಳು.
ತುದಿಯಲ್ಲಿ ಒಂದೇ ಒಂದು ತಿರುವು:
ಸೀರೆಗೆ ಅಂಚು ಮುಗಿದ ಹಾಗೆ ಮಳೆ ಮುಗಿಯಿತು.
ಒಣಗಿದ ಗಾಜನ್ನು ವೈಪರು ಕರಕರ ಉಜ್ಜುತ್ತಲೇ ಇತ್ತು,
ನಿಲ್ಲಿಸುವುದು ನೆನಪಾಗಲಿಲ್ಲ ನನಗೆ.
ಥುಮ್ರೈತ್ ದಾಟಿತು. ಲಿಗೋರಿ ಗೊರಕೆ ಹೊಡೆದ.
ರಸ್ತೆ, ರಸ್ತೆ, ಒಡೆದ ಟಯರಿನ ಒಂದು ಸುಲಿದ ಪಟ್ಟಿ,
ಎದುರು ಬಂದ ಲಾರಿಯವನು ದೀಪ ಮಿಟುಕಿಸಿ ಹೋದ,
ಮತ್ತೆ ರಸ್ತೆ.

ಹೈಮಾದಲ್ಲಿ ಪೆಟ್ರೋಲು.
ಮೈಲೇಜು ಲೆಕ್ಕ ಹಾಕಲು ಬಗ್ಗಿದವನು ಹೌಹಾರಿದ.
ಎರಡು ಲಕ್ಷ ಹದಿನೇಳು ಸಾವಿರದ ನಾನೂರ ಆರು.
ಬೆಳಿಗ್ಗೆಯೂ ಅಷ್ಟೇ. ಈಗಲೂ ಅಷ್ಟೇ.
ವೇಗದ ಮುಳ್ಳು ಕುಣಿಯುತ್ತದೆ, ಅಂಕಿ ಕದಲುವುದಿಲ್ಲ.
‘ಮೋಸ ಮಾರಾಯ್ತಿ! ಐನೂರು ಕಿಲೋಮೀಟರು
ಆಟಕ್ಕುಂಟು, ಲೆಕ್ಕಕ್ಕಿಲ್ಲ!
ಕೊಡು ಫೋನು, ಆ ಮುದುಕನಿಗೆ...’
ಕೊಡಲಿಲ್ಲ. ಎರಡು ಲಬನ್ ತಂದೆ, ಪರೋಟ ತಂದೆ.
ಅವನು ಬೈಯುತ್ತ ತಿಂದ.

ನಾನು ಆ ಕೊನೆಯ ಆರನ್ನೇ ನೋಡುತ್ತ ಕೂತೆ.
ಅದು ನಿಂತದ್ದು ಯಾವ ದಿನ?
ಸಂತೆಗೋ, ಮಗಳ ಮನೆಗೋ, ಆಸ್ಪತ್ರೆಗೋ,
ಅವತ್ತು ಈ ಸೀಟಿನಲ್ಲಿ ಕೂತ ಗಿಡ್ಡ ಹೆಂಗಸು
ಎಲ್ಲಿಗೆ ಹೊರಟಿದ್ದಳು?
ಅಂಕಿ ನಿಂತದ್ದು ಅವಳಿಗೆ ಗೊತ್ತಾಗಿತ್ತೆ?

ನಿಜ್ವಾ ತಲುಪಿದಾಗ ಹನ್ನೊಂದು ಮುಕ್ಕಾಲು.
ಎಂಜಿನ್ ಆರಿಸುವ ಮೊದಲೇ ಫೋನು:
‘ವಸಲ್ತಿ?’
ತಲುಪಿದೆ, ಎಂದೆ.
ಮೀಟರಿನ ಮಾತು ನಾಲಗೆಯ ತುದಿಗೆ ಬಂದಿತ್ತು.
ಆ ಕಡೆಯಿಂದ ಮಳೆಯ ಸದ್ದು.
ಸ್ವಲ್ಪ ಹೊತ್ತು ಇಬ್ಬರೂ ಅದನ್ನೇ ಕೇಳಿದೆವು.

ಬೆಳಿಗ್ಗೆ ಗ್ಯಾರೇಜಿಗೆ ಒಯ್ಯಲೆಂದು ಲಿಗೋರಿ ಒಳಗೆ ಕೂತ.
ಮೊಣಕಾಲು ಸ್ಟೀರಿಂಗಿಗೆ ಬಡಿಯಿತು.
ಸೀಟಿನಡಿಯ ಸರಳಿಗೆ ಕೈ ಹಾಕಿದ.
ಬೇಡ, ಇಳಿ, ನಾನೇ ಬಿಡುತ್ತೇನೆ, ಎಂದೆ.

ಮೀಟರು ರಿಪೇರಿಗೆ ಹದಿನೈದು ರಿಯಾಲು ಅನ್ನುತ್ತಾನೆ.
ಇನ್ನೂ ಹೂಂ ಅಂದಿಲ್ಲ.