ಒಳಗೆರೆ ಮೊದಲು

ರುಸ್ತಾವಿಯ ನಮ್ಮ ಶೆಡ್ಡಿಗೆ ಜಾವುರ್ ಬಂದದ್ದು
ಅಡುಗೆ ಪುಸ್ತಕದಿಂದ ಹರಿದ ಹಾಳೆ ಹಿಡಿದು.
ಎಣ್ಣೆ ಕಲೆ. ಆಕ್ರೋಟಿನ ಗೊಜ್ಜಿನ ಅಳತೆ. ಕೆಳಗೆ ಮೂಲೆಯಲ್ಲಿ
ಯಾರ ಮೇಲೋ ಸಿಟ್ಟಾದ ಹಾಗೆ ಓರೆಯಾಗಿ
ನಾತೆಲಾ, ಅವಳೇ ಬರೆದುಕೊಂಡ ಹೆಸರು.
"ಇದನ್ನೇ ಕಡಿ. ಸಮಾಧಿಯ ಬೇಲಿಗೆ.
ಕಂಪ್ಯೂಟರಿನ ಅಕ್ಷರ ಬೇಡ."

ಸ್ಕ್ಯಾನ್ ಮಾಡಿದೆ. ಒಂದು ಹೆಸರಿಗೆ
ಎರಡು ಸಾವಿರದ ಮುನ್ನೂರ ಹನ್ನೊಂದು ಚುಕ್ಕಿ.
ಕಾಗದದ ನಾರು, ಜಿಡ್ಡು, ಕೈನಡುಕ,
ಯಂತ್ರಕ್ಕೆ ಎಲ್ಲವೂ ಒಂದೇ: ತಿರುವು.
ಚುಕ್ಕಿ ಚುಕ್ಕಿಗೂ ಟಾರ್ಚು ತಡವರಿಸುತ್ತದೆ,
ತಡವರಿಸಿದಲ್ಲಿ ಉಕ್ಕು ಕರಗಿ ಗಂಟು ಕಟ್ಟುತ್ತದೆ.
ಅಳಿಸಬೇಕು. ಅಳಿಸುವುದೇ ನನ್ನ ಕಸುಬು,
ಗೆರೆ ಎಳೆಯುವುದು ಅಂತ ಜನ ತಿಳಿದಿದ್ದಾರೆ.

ಒಂದರ ಮೇಲೊಂದು ಕೂತ ಜೋಡಿಗೆರೆ
ಕಣ್ಣಿಗೆ ಒಂದೇ, ಬೆಂಕಿಗೆ ಎರಡು.
ಕಡಿದದ್ದನ್ನೇ ಮತ್ತೆ ಕಡಿಯಲು ಬರುತ್ತದೆ.
ಕೂಡದ ತುದಿಗಳ ನಡುವೆ ಕೂದಲೆಳೆ ಬಿರುಕು,
ಹುಡುಕಿ ಹೊಲಿಯಬೇಕು.
ಬೆಂಕಿಯ ಅಗಲ ಒಂದೂವರೆ ಮಿಲಿಮೀಟರ್.
ಅದು ತಿಂದುಹೋಗುವಷ್ಟನ್ನು
ಮೊದಲೇ ಲೆಕ್ಕದಲ್ಲಿ ಬಿಟ್ಟುಕೊಡಬೇಕು.
ಗೆರೆಯ ಮೇಲೇ ಚುಚ್ಚುವಂತಿಲ್ಲ,
ಪಕ್ಕದ ರದ್ದಿಯಲ್ಲಿ ಚುಚ್ಚಿ ಬಳಸಿ ಬರಬೇಕು,
ಸಾವಿನ ಮನೆಗೆ ಬಂದವರು
ಬಸ್ಸಿನ ಮಾತಿನಿಂದ ಶುರುಮಾಡುವ ಹಾಗೆ.

ಸಾವಿರವಾಯಿತು, ಮುನ್ನೂರಾಯಿತು. ತೊಂಬತ್ತಕ್ಕೆ ಇಳಿದಾಗ
ಹೆಸರು ಹೊಳೆಯಿತು, ಬ್ಯಾಂಕಿನ ಬೋರ್ಡಿನಂತೆ ನುಣ್ಣಗೆ.
ಜಾವುರ್ ಹೆಗಲ ಮೇಲಿಂದ ಬಗ್ಗಿ ನೋಡಿದ.
"ಯಾರಿದು?"

ಮಾಡಿದ್ದನ್ನೆಲ್ಲ ಹಿಂದಕ್ಕೆ ಒತ್ತಿದೆ.
ಒಂದೊಂದನ್ನೇ ತೋರಿಸಿ ಕೇಳಿದೆ.
ಈ ಕುಳಿ? "ಅದು ಎಣ್ಣೆ, ತೆಗೆ."
"ಲ"ದ ಬಾಲದ ಈ ಕೊಕ್ಕೆ?
"ಇರಲಿ. ಆಗ ಹಾಲು ಉಕ್ಕಿತ್ತು."
ಅವನಿಗೆ ಹೇಗೆ ಗೊತ್ತೋ, ಕೇಳಲಿಲ್ಲ.

ಉಳಿದದ್ದು "ತ". ನಮ್ಮ ಲಿಪಿಯಲ್ಲಿ ಅದಕ್ಕೊಂದು ದುಂಡು ಹೊಟ್ಟೆ.
ಸುತ್ತ ಕಡಿದರೆ ನಡುವಿನದು ನಿಲ್ಲದು,
ಎರಡು ಸಣ್ಣ ಸೇತುವೆ ಬಿಡಬೇಕು.
"ಬೇಡ, ಅಲ್ಲಿ ಅವಳು ಪೆನ್ನು ಎತ್ತಿಲ್ಲ."
ಬಿದ್ದುಹೋಗುತ್ತೆ.
"ಬೀಳಲಿ."

ಒಳಗೆರೆ ಮೊದಲು, ಹೊರಗೆರೆ ಕೊನೆಗೆ.
ಹೊರಗಿನದನ್ನು ಮೊದಲು ಬಿಡಿಸಿದರೆ
ಹಾಳೆ ಅಲುಗಿ ಒಳಗಿನದೆಲ್ಲ ಜಾಗ ತಪ್ಪುತ್ತದೆ.

ಕಂಪ್ರೆಸರ್ ಉಸಿರು ತುಂಬಿಕೊಂಡಿತು. ನೀಲಿ ಚೀರು.
ಮೊಟ್ಟಮೊದಲು "ತ"ದ ಹೊಟ್ಟೆ
ಟೇಬಲ್ಲಿನ ಕೆಳಗಿನ ನೀರಿಗೆ ಚುಸ್ಸೆಂದು ಬಿತ್ತು.
ಯಂತ್ರ ನಿಂತ ಮೇಲೆ ಜಾವುರ್
ತೋಳು ಮಡಚಿ, ಕಪ್ಪು ಕೆಸರಿನಲ್ಲಿ
ಮೊಣಕೈವರೆಗೆ ಕೈ ಬಿಟ್ಟು ತಡಕಿದ, ಬಹಳ ಹೊತ್ತು.
ಕಾಸಿನಗಲದ ತುಂಡು. ಪ್ಯಾಂಟಿಗೆ ಒರೆಸಿ ಜೇಬಿಗಿಟ್ಟ.
ಫಲಕ ನಾಳೆ ಒಯ್ಯುತ್ತೇನೆ ಅಂದ.

ಹಾಳೆ ಸ್ಕ್ಯಾನರಿನ ಮುಚ್ಚಳದಡಿಯೇ ಉಳಿದಿತ್ತು.
ಓದಿದೆ: ಆಕ್ರೋಟು ಎರಡು ಲೋಟ. ಬೆಳ್ಳುಳ್ಳಿ ನಾಲ್ಕೆಸಳು.
ಉಪ್ಪು, ಎಷ್ಟೆಂದು ಬರೆದಿಲ್ಲ.