ಖಾಲಿ ಬಿಡುವಂತಿಲ್ಲ

ಊರಿನ ಲೈಬ್ರರಿಯಲ್ಲಿ ಮೂರೇ ಕಂಪ್ಯೂಟರು.
ಒಂದು ಕೆಟ್ಟಿದೆ. ಇನ್ನೊಂದರಲ್ಲಿ ಅರ್ಮಾಂಡ್ ಪೆಲ್ಟಿಯೆ
ಎರಡೇ ಬೆರಳಲ್ಲಿ ತನ್ನ ಹೆಸರು ಹುಡುಕುತ್ತಿದ್ದಾನೆ.
ಐದನೇ ನಂಬರಿನ ಯಂತ್ರ ಅವನ ಎಡಗಿವಿ ತಿಂದದ್ದು
ತೊಂಬತ್ತೆಂಟರಲ್ಲಿ. ಅಂದಿನಿಂದ ನಾನು ಬಲಕ್ಕೇ ಕೂರುವುದು.

ಒಬ್ಬರಿಗೆ ಅರ್ಧ ಗಂಟೆ, ಎಂದು ಬರೆದು ಅಂಟಿಸಿದ್ದಾರೆ.
ಹಿಂದೆ ಸಾಲಿನಲ್ಲಿ ಎಲ್ಲ ನಮ್ಮ ಪಾಳಿಯವರೇ,
ಬೂಟಿನ ಹಿಮ ಕರಗಿ ನೆಲವೆಲ್ಲ ಒದ್ದೆ.
ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ,
ಡಾಕ್ಟರ ಬಾಗಿಲಲ್ಲಿ ಕೂತವರ ಹಾಗೆ.

ಹೆಸರು: ರೋಸಲೀ ವೆಲೆಟ್.
ತಾಯಿಯ ತವರಿನ ಹೆಸರು ಕೇಳಿತು, ಗುಟ್ಟಿನ ಪ್ರಶ್ನೆಯೆಂದು.
ಈ ಊರಲ್ಲಿ ಅದು ಗುಟ್ಟೇ?
ಗೋರಿಗಲ್ಲಿನ ಮೇಲೆ ಕೆತ್ತಿದೆ.

ಕಸುಬು: ಪಟ್ಟಿಯಿಂದ ಆರಿಸಿ.
ಪಟ್ಟಿ ಇಳಿಯಿತು, ಇಳಿಯಿತು,
ಬಾವಿಗೆ ಬಿಟ್ಟ ಹಗ್ಗದಂತೆ.
ಕುದುರೆಗೆ ಲಾಳ ಹೊಡೆಯುವವರಿದ್ದಾರೆ,
ಗಡಿಯಾರ ರಿಪೇರಿಯವರಿದ್ದಾರೆ,
ಹೆಬ್ಬೆರಳು ತೋರುಬೆರಳ ನಡುವೆ ಕಾಗದ ಹಿಡಿದು
ತೂಕ ಹೇಳುವವಳು ಇಲ್ಲ.
ಇಪ್ಪತ್ತಾರು ವರ್ಷ ನಾನು ಮಾಡಿದ್ದು ಅದನ್ನೇ.
ಇತರೆ, ಎಂದು ಒತ್ತಿದೆ.

ಬೇರ್ಪಟ್ಟ ಕಾರಣ? ಅನ್ನುತ್ತದೆ ಫಾರಮ್ಮು,
ಗಂಡಹೆಂಡಿರ ವ್ಯಾಜ್ಯದ ಹಾಗೆ.
(ಅದನ್ನೂ ಒಮ್ಮೆ ತುಂಬಿದ್ದೇನೆ; ಅಲ್ಲಿ ಕಾರಣಗಳಿದ್ದವು.)
ಅನ್ನದ ಋಣ ತೀರಿತು ಎಂದು ಬರೆಯಲು ಇಲ್ಲಿ ಜಾಗವಿಲ್ಲ.
ನಾಲ್ಕು ಗುಂಡಿ, ಒಂದನ್ನು ಒತ್ತಬೇಕು.
ಒತ್ತದೆ ಮುಂದೆ ಹೋಗಲು ನೋಡಿದೆ,
ಕೆಂಪಗೆ ಉರಿದು ಗದರಿತು:
ಈ ಜಾಗ ಖಾಲಿ ಬಿಡುವಂತಿಲ್ಲ.

ಬಿಡುವಂತಿಲ್ಲವಂತೆ!
ಆಂಡ್ರಸ್ಕಾಗಿನ್ ಹೊಳೆಯಾಚೆ ಅಷ್ಟು ಎಕರೆ ಬಿಟ್ಟಿದ್ದಾರಲ್ಲ,
ಚಿಮಣಿಯ ನೆತ್ತಿ ಖಾಲಿ, ಲಾರಿ ನಿಲ್ಲುವ ಅಂಗಳ ಖಾಲಿ.
ಮೂಗು ಮುಚ್ಚಿಕೊಂಡ ಹೊರಗಿನವರಿಗೆ ಅಪ್ಪ ಹೇಳುತ್ತಿದ್ದ,
ಕೊಳೆತ ಮೊಟ್ಟೆಯ ನಾತವಲ್ಲ ಇದು, ಸಂಬಳದ ವಾಸನೆ ಎಂದು.
ಅಕ್ಟೋಬರಿನಿಂದ ಗಾಳಿ ಸ್ವಚ್ಛವಾಗಿದೆ.
ಬೆಳಿಗ್ಗೆ ಬಾಗಿಲು ತೆಗೆದರೆ ಪೈನ್ ಮರದ ಘಮ,
ಯಾರದೋ ಊರಿಗೆ ಬಂದಿಳಿದ ಹಾಗೆ.

ಕೆಲಸ ಹುಡುಕಿದ ಮೂರು ಕಡೆ ನಮೂದಿಸಿ.
ಡಾಲರ್ ಅಂಗಡಿ. ಶಾಲೆಯ ಅಡುಗೆಮನೆ.
ಅಮ್ಮ ಕೊನೆಯುಸಿರೆಳೆದ ವೃದ್ಧಾಶ್ರಮ.
ಮುಂದಿನ ವಾರಕ್ಕೆ ಬೇರೆ ಮೂರು ಬೇಕಂತೆ.
ಊರಲ್ಲಿ ಬಾಗಿಲು ತೆರೆದಿರುವುದು ಒಟ್ಟು ಐದು.

ಕಳೆದ ವಾರ ಕೆಲಸ ಮಾಡಲು ಶಕ್ತರಿದ್ದಿರಾ? ಹೌದು.
ಸಿದ್ಧರಿದ್ದಿರಾ? ಹೌದು.
ಏನಾದರೂ ಗಳಿಸಿದಿರಾ?
ಬೆರಳು ನಿಂತಿತು.
ಗುರುವಾರ ಮುದುಕಿ ಬ್ಲಾಂಶ್ ಮಿಶೋ ಮೆಟ್ಟಿಲ ಮೇಲಿನ
ಹಿಮ ಬಾಚಿ ಕೊಟ್ಟಿದ್ದೆ. ಬೇಡವೆಂದರೂ ಕೈಗಿಟ್ಟಳು
ಹಂದಿಮಾಂಸದ ಪೈ, ಬಿಸಿಬಿಸಿ, ಬಟ್ಟೆ ಸುತ್ತಿ.
ಅರ್ಧ ನಾನು ತಿಂದೆ, ಅರ್ಧ ಅರ್ಮಾಂಡನಿಗೆ.
ಸುಳ್ಳು ಹೇಳಿದರೆ ದಂಡ, ಸೆರೆ, ಎಂದು ಕೆಳಗೆ ಸಣ್ಣಕ್ಷರ.
ಪೈಯ ಬೆಲೆ ಎಷ್ಟು ಬರೆಯಲಿ?
ಬಾಗಿ ಅವನ ಬಲಗಿವಿಗೆ ಕೇಳಿದೆ.
"ಈರುಳ್ಳಿ ಜಾಸ್ತಿಯಿತ್ತು," ಅಂದ.
ಸೊನ್ನೆ ಬರೆದೆ.

ಒಂಬತ್ತು ದಿನಕ್ಕೆ ಸರ್ಕಾರದ ಟಪಾಲು ಬಂತು.
ಎಷ್ಟು ಡಾಲರು, ಎಷ್ಟು ವಾರ, ಓದುವ ಮೊದಲೇ
ಬೆರಳು ತಾನಾಗಿ ಹಾಳೆಯನ್ನು ಉಜ್ಜಿತು.
ತೆಳು. ಹದಿನೆಂಟು ಪೌಂಡಿನ ಮೇಲಿಲ್ಲ.
ಅಂಚಿನಲ್ಲಿ ನಾರು ಎದ್ದಿದೆ.
ಕಿಟಕಿಯ ಬೆಳಕಿಗೆ ಹಿಡಿದೆ: ಒಳಗೆಲ್ಲ ಮೋಡ ಮೋಡ.
ನಮ್ಮದಲ್ಲ.
ನನ್ನ ಪಾಳಿಯಲ್ಲಿ ಇದು ಇಳಿದಿದ್ದರೆ
ಇಡೀ ಸುರುಳಿಯನ್ನು ವಾಪಸು ಕುದಿಸಲು ಕಳಿಸುತ್ತಿದ್ದೆ.

ಆಮೇಲೆ ಕನ್ನಡಕ ಹುಡುಕಿದೆ.