ಜಾಡಿ ತೊಳೆದವಳ ಲೆಕ್ಕ

ಇಪ್ಪತ್ತೆಂಟು ವರ್ಷ ನಾನು ಅವಳ ಜಾಡಿ ತೊಳೆದೆ.
ಮೊದಮೊದಲು ಅವು ಸೌತೆಕಾಯಿ ಉಪ್ಪಿನಕಾಯಿಯ ಜಾಡಿಗಳೇ,
ತಾರ್ತುವಿನ ಮನೆಮನೆಯಲ್ಲಿ ಬೇಡಿ ತಂದದ್ದು;
ಎಷ್ಟು ಕುದಿಸಿದರೂ ಮುಚ್ಚಳದಲ್ಲಿ ಸಬ್ಬಸಿಗೆಯ ವಾಸನೆ.
ಹೆಲ್ವೆ ರಾವುದ್ಸಿಕ್ ಮೂಗಿಗೆ ಹಿಡಿದು ನೋಡಿ
“ಇನ್ನೊಂದು ಸಲ, ಮೈಮು” ಅನ್ನುವಳು.
ಮೊದಲ ವರ್ಷ ನಮ್ಮ ಮಾತುಕತೆ ಅಷ್ಟೇ.

ಹಗಲು ಸರಕಾರದ್ದು: ಆಲೂಗೆಡ್ಡೆ.
ಚಿಗುರಿನ ತುತ್ತತುದಿ, ಸಾಸಿವೆಗಿಂತ ಸಣ್ಣ,
ರೋಗ ಇನ್ನೂ ಹತ್ತಿ ಬಾರದ ಅಷ್ಟೇ ಜಾಗ.
ಅದನ್ನು ಸೂಜಿಯಲ್ಲೆತ್ತಿ, ಉಸಿರು ಕಟ್ಟಿ,
ಕಡಲಪಾಚಿಯ ಗಂಜಿಯ ಮೇಲೆ ಕೂರಿಸುವುದು.
ಒಂದರಿಂದ ನೂರು, ನೂರರಿಂದ ಹೊಲ.
ಸಂಬಳ ಅದಕ್ಕೆ. ಗೋಡೆಯ ಮೇಲಿನ ಪ್ರಶಸ್ತಿಪತ್ರವೂ ಅದಕ್ಕೇ.

ಐದು ಗಂಟೆಯ ಮೇಲಿನದು ಅವಳದು:
ಪಡುವಣ ಕರಾವಳಿಯ ಸುಣ್ಣಕಲ್ಲ ಕಾಡಿನ ಹೂವು,
ನಮ್ಮ ಮಾತಿನಲ್ಲಿ ಚೆಲುವಾದ ಚಿನ್ನದ ಜೋಡು.
ಒಂದು ಕಾಯಿ ಬಿರಿದರೆ ಸಾವಿರಾರು ಬೀಜ.
ಬೀಜ ಅನ್ನಲೂ ಸಂಕೋಚ, ಧೂಳು ಅದು;
ತಾಯಿ ಬುತ್ತಿ ಕಟ್ಟದೆ ಕಳಿಸಿದ ಮಕ್ಕಳು.
ನೆಲದೊಳಗಿನ ಯಾವುದೋ ಶಿಲೀಂಧ್ರ ಉಣಿಸಿದರೆ ಉಂಟು, ಇಲ್ಲವಾದರೆ ಇಲ್ಲ.
ಆ ಉಣಿಸುವ ಕೈ ತಾನಾಗಬೇಕೆಂದು ಅವಳ ಹಟ.

ಬದುಕಿದೆಯೋ ಇಲ್ಲವೋ ತಿಳಿಯಲು ಒಂದು ದ್ರಾವಣವಿತ್ತು,
ಬಣ್ಣವಿಲ್ಲದ್ದು. ಒಳಗೆ ಉಸಿರಿದ್ದರೆ ಬೀಜ ಕೆಂಪೇರುತ್ತದೆ.
ಕೆಂಪೇರಿದ್ದು ಮತ್ತೆ ಮೊಳೆಯುವುದಿಲ್ಲ.
“ಇದ್ದೀಯಾ?” ಎಂದು ಬಾಗಿಲು ತಟ್ಟಿ
“ಇದ್ದೇನೆ” ಎಂದವರನ್ನೇ ರೈಲು ಹತ್ತಿಸಿದ ರಾತ್ರಿಗಳು
ನನ್ನ ಅಜ್ಜಿಗೆ ಗೊತ್ತಿದ್ದವು, ಹೆಲ್ವೆಯ ತಂದೆಗೂ.
ಅವಳು ಹೇಳಿದ್ದು ಇಷ್ಟೇ:
“ನೂರು ಬೀಜ ಸಾಕು. ಉಳಿದವನ್ನು ಕೇಳಬೇಡ.”

ಹನ್ನೊಂದು ವರ್ಷ ಅವಳ ಪುಸ್ತಕದ ಕೊನೆಯ ಸಾಲಿಗೆ ಸೊನ್ನೆ.
ನಾನು ಎಣಿಸುತ್ತಿದ್ದದ್ದು ಬೂಷ್ಟು:
ಹಸಿರು ನಲವತ್ತು, ಕಪ್ಪು ಹದಿನೇಳು,
ಒಂದರಲ್ಲಿ ನನ್ನದೇ ಕೂದಲು.
ಅದನ್ನು ಯಾರಿಗೂ ತೋರಿಸದೆ ತೊಳೆದುಬಿಟ್ಟೆ.

ಆಮೇಲೊಂದು ವರ್ಷ, ಕರಾವಳಿಗೆ ಹೋಗುವ ಪರವಾನಗಿ
ಜುಲೈಗೇ ಮುಗಿಯಿತು. ಕಾಯಿ ಬಲಿಯುವುದು ಸೆಪ್ಟೆಂಬರಿಗೆ.
ಸಿಟ್ಟಿನಲ್ಲಿ ಎಳಸನ್ನೇ ಕೊಯ್ದು ತಂದಳು.
ಡಿಸೆಂಬರಿನಲ್ಲಿ, ಕತ್ತಲ ಕಪಾಟಿನಲ್ಲಿ,
ಅಕ್ಕಿನುಚ್ಚಿನಂಥ ಬಿಳಿ ಚುಕ್ಕಿ.
ಬಲಿತ ಬೀಜ ಬಾಗಿಲು ಹಾಕಿಕೊಳ್ಳುತ್ತದೆ, ನಿದ್ದೆ ಕಲಿತುಬಿಡುತ್ತದೆ;
ಕಲಿಯುವ ಮೊದಲೇ ಎಬ್ಬಿಸಬೇಕಿತ್ತು.
ನನಗಿದನ್ನು ಮೂರು ಸಲ ವಿವರಿಸಿದಳು, ಮೂರು ಸಲವೂ ಎದ್ದುನಿಂತು.

ರೂಬಲ್ ಹೋಗಿ ಕ್ರೋನ್ ಬಂದ ಚಳಿಗಾಲ
ಕಟ್ಟಡಕ್ಕೆ ಶಾಖವಿಲ್ಲ, ದೀಪವಿಲ್ಲ.
ನನ್ನ ಮಗನ ಹಳೆಯ ತಳ್ಳುಗಾಡಿಯಲ್ಲಿ ಜಾಡಿ ಮಲಗಿಸಿ
ಕಂಬಳಿ ಹೊದಿಸಿ ನದಿಯ ಸೇತುವೆ ದಾಟಿದೆವು.
ಯಾರೋ ಮುದುಕ ಬಗ್ಗಿ, “ಅವಳಿಯೇ?” ಅಂದ.
“ಅರವತ್ತಮೂರು,” ಅಂದಳು ಹೆಲ್ವೆ, ನಗದೆ.

ಕಾಡಿಗೆ ಮರಳಿಸಿದ್ದು ನಲವತ್ತು ಗಿಡ.
ಏಳನೆಯ ಬೇಸಿಗೆ ಒಂದರಲ್ಲಿ ಮೊಗ್ಗು ಕಂಡಿತೆಂದು
ಅರಣ್ಯದವನ ಫೋನು. ಬಸ್ಸು ಹಿಡಿದು ಹೋದೆವು.
ಮೊಗ್ಗಿರಲಿಲ್ಲ. ಹಸಿಯಾಗಿ ಕತ್ತರಿಸಿದ ದಂಟು,
ಪಕ್ಕದಲ್ಲಿ ಗೊರಸಿನ ಗುರುತು.
ನಾನು ಅತ್ತೆ. ಅವಳು ಮೊಣಕಾಲೂರಿ ಬಹಳ ಹೊತ್ತು ನೋಡಿ
ಪುಸ್ತಕ ತೆಗೆದಳು:
“ಜಿಂಕೆ ತಿಂದಿದೆ. ಅಂದರೆ, ಗಿಡವಾಗಿದೆ.”

ಉಳಿದ ಜಾಡಿಗಳು ಈಗ ನನ್ನ ನೆಲಮಾಳಿಗೆಯಲ್ಲಿವೆ.
ಈ ಸಲ ಸೌತೆಕಾಯಿ ಚೆನ್ನಾಗಿ ಬಂತು.
ಒಂದರ ಮೇಲೆ ಇನ್ನೂ ಅವಳ ಅಕ್ಷರ, ತಾರೀಖು, ಸೊನ್ನೆ.
ತೊಳೆಯುವಾಗ ಅಷ್ಟು ಜಾಗ ಬಿಟ್ಟು ತೊಳೆಯುತ್ತೇನೆ.